ತಪೋವನಕ್ಕೆ ಹೊರಟು ಭೋಜ್‌ಬಾಸಾದಲ್ಲಿ ಕುಳಿತದ್ದು

ಚಿತ್ರದುರ್ಗದವರ ಬಾಯಲ್ಲಿ ‘ಮಳೆ ಸಾಕು’ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಅಂಗಡಿಗೆ ಬೀಗ ಹಾಕಿ ಮನೆಮಂದಿಯನ್ನೆಲ್ಲ ಕರೆದುಕೊಂಡು ನೋಡಲು ಹೋದವನು ನಾನು. ಅದರ ಮರುವರ್ಷ ಅದೇ ಸೆಪ್ಟೆಂಬರಿನಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ, ತಗಡಿನ ಸೂರಿನ ಕೆಳಗೆ ಕಂಬಳಿ ಹೊದ್ದು ಕುಳಿತು ‘ಸಾಕು ಮಾಡಪ್ಪ’ ಎಂದು ಮಳೆರಾಯನಿಗೆ ಕೈಮುಗಿದವನೂ ನಾನೇ.

ನನ್ನದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿ. ವಯಸ್ಸು ಆಗ ಐವತ್ತೆರಡು. ಹಿಮಾಲಯದ ಗಂಗೋತ್ರಿಯಿಂದ ಹಿಮನದಿಯ ಬಾಯಿಯಾದ ಗೋಮುಖಕ್ಕೆ, ಅಲ್ಲಿಂದ ಮೇಲೆ ತಪೋವನವೆಂಬ ಹುಲ್ಲುಗಾವಲಿಗೆ ಗೈಡ್ ಕರೆದುಕೊಂಡು ನಡೆದುಹೋಗುವ ಹುಚ್ಚು ಹತ್ತಿಸಿದವನು ನನ್ನ ಹೆಂಡತಿಯ ತಮ್ಮ. ದಾವಣಗೆರೆಯಲ್ಲಿ ಉಪನ್ಯಾಸಕ, ಎಲ್ಲವನ್ನೂ ಓದಿಕೊಂಡು ಬರುವ ಪೈಕಿ.

ಕಾಲು ಗಟ್ಟಿ ಮಾಡಿಕೊಳ್ಳಲು ಮೂರು ತಿಂಗಳು ಪ್ರತಿ ಭಾನುವಾರ ನಸುಕಿನಲ್ಲಿ ಜೋಗಿಮಟ್ಟಿ ಹತ್ತಿದೆ. ಬೆನ್ನಿನ ಚೀಲದಲ್ಲಿ ಭಾರಕ್ಕೆಂದು ವೈಂಡಿಂಗ್ ತಂತಿಯ ಸುರುಳಿಗಳು, ಎಂಟು ಕೆ.ಜಿ. ವಾರದ ನಡುವೆ ಬಿಡುವಾದಾಗ ಕೋಟೆಯ ಮೆಟ್ಟಿಲು. ನನ್ನನ್ನು ಕೇಳಿದರೆ ಕೋಟೆಯೇ ಒಳ್ಳೆಯ ತಾಲೀಮು. ಮೊಣಕಾಲಿನ ಬಂಡವಾಳ ಹತ್ತುವಾಗಲ್ಲ, ಇಳಿಯುವಾಗ ಬಯಲಾಗುತ್ತದೆ. ಆದರೆ ಉಸಿರಿಗೆ ನಮ್ಮ ಸೀಮೆಯಲ್ಲಿ ತಾಲೀಮು ಇಲ್ಲ. ಜೋಗಿಮಟ್ಟಿಯ ನೆತ್ತಿ 1,300 ಮೀಟರ್ ಚಿಲ್ಲರೆ, ಗಂಗೋತ್ರಿ ಊರೇ ಮೂರು ಸಾವಿರ ದಾಟಿದೆ. ಅದಕ್ಕಾಗಿ ಗಂಗೋತ್ರಿಯಲ್ಲಿ ಒಂದು ಇಡೀ ದಿನ ಸುಮ್ಮನೆ ಇದ್ದೆವು. ಅದೊಂದು ಸರಿಯಾದ ಕೆಲಸ. ತಪ್ಪಿದ್ದು ಲೆಕ್ಕದಲ್ಲಿ: ಹೋಗಿಬರುವ ರೈಲಿನ ನಡುವೆ ನಾವು ಉಳಿಸಿಕೊಂಡಿದ್ದ ಹೆಚ್ಚುವರಿ ದಿನ ಒಂದೇ ಒಂದು.

ಗೋಮುಖದ ಕಡೆಗೆ ದಿನಕ್ಕೆ 150 ಜನರಿಗೆ ಮಾತ್ರ ಅರಣ್ಯ ಇಲಾಖೆಯ ಪರವಾನಗಿ. ಚೆಕ್‌ಪೋಸ್ಟಿನಲ್ಲಿ ಚೀಟಿಯ ಜೊತೆ ಚೀಲದೊಳಗಿನ ಪ್ಲಾಸ್ಟಿಕ್ಕನ್ನೂ ನೋಡಿದರು. ನನ್ನ ಹೆಂಡತಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಹುರಿದ ಅವಲಕ್ಕಿ ಎಲ್ಲವನ್ನೂ ಬೇರೆ ಬೇರೆ ಕವರಿಗೆ ತುಂಬಿ, ಕವರಿಗೊಂದು ಕವರು ಹಾಕಿ ಕಟ್ಟಿದ್ದಳು. ಅಲ್ಲಿಯ ಸಿಬ್ಬಂದಿ ಒಂದೊಂದನ್ನೇ ಹೊರತೆಗೆದು ಎಣಿಸುವಾಗ ಹಿಂದಿದ್ದ ಬಂಗಾಳಿ ಯಾತ್ರಿಕರಿಗೆ ಒಳ್ಳೆಯ ಮನರಂಜನೆಯಾಯಿತು.

ಮೊದಲ ದಿನ ಭೋಜ್‌ಬಾಸಾದವರೆಗಿನ ಹದಿನಾಲ್ಕು ಕಿಲೋಮೀಟರ್ ಬಿಸಿಲಿನಲ್ಲೇ ಮುಗಿಯಿತು. ಒಂಬತ್ತನೆಯ ಕಿಲೋಮೀಟರಿಗೆ ಚೀಡ್‌ಬಾಸಾದ ಪೈನ್ ಮರಗಳು. ಆಮೇಲೆ ಬೋಳು ಇಳಿಜಾರು. ಭೋಜಪತ್ರದ ಮರಗಳಿಂದಲೇ ಭೋಜ್‌ಬಾಸಾ ಎಂಬ ಹೆಸರು, ಈಗ ಮರಗಳೇ ಅಪರೂಪ. ಸಂಜೆ ಭಾಗೀರಥಿ ಶಿಖರಗಳು ಕೆಂಪಗೆ ಕಂಡವು. ಭಾವಮೈದುನ ಮೂವತ್ತು ಫೋಟೊ ತೆಗೆದ.

ಆ ರಾತ್ರಿಯ ವಿಷಯವನ್ನೇ ನಾನು ಮುಖ್ಯವಾಗಿ ಬರೆಯಬೇಕಾದದ್ದು. ಎಂಟು ಗಂಟೆಗೆ ತುಂತುರು ಶುರುವಾಯಿತು. ನಿದ್ದೆ ಬಾರದೆ ಹೊರಗೆ ಬಂದರೆ ನಮ್ಮ ಗೈಡ್ ಸೂರಿನ ಅಂಚಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಆಕಾಶವನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಕುಳಿತಿದ್ದ. ನಾನು ಏನೋ ಕೇಳಹೋದೆ, ಕೈ ಎತ್ತಿ ಸುಮ್ಮನಿರಿಸಿದ. ಕತ್ತಲಲ್ಲಿ ಎಲ್ಲೋ ಮೇಲಿನಿಂದ ಗುಡುಗುಡು ಸದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಗುಡುಗು ಎಂದುಕೊಂಡೆ. “ಪತ್ಥರ್ ಹೈ ಸಾಬ್” ಎಂದ. ನನ್ನ ಹರುಕು ಹಿಂದಿಗೆ ಅರ್ಥವಾದಷ್ಟು ಹೇಳುತ್ತೇನೆ. ಇಳಿಜಾರಿನ ಮಣ್ಣು ರಾತ್ರಿ ಹೆಪ್ಪುಗಟ್ಟಿದರೆ ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಅದಕ್ಕೇ ಅವರು ನಸುಕಿನಲ್ಲಿ ಹೊರಡುವುದು. ರಾತ್ರಿಯೂ ಮಳೆ ಹುಯ್ದರೆ ಹೆಪ್ಪು ಕೂಡುವುದಿಲ್ಲ, ಹಿಡಿತ ಬಿಡುತ್ತದೆ. ರಾತ್ರಿಯೇ ಕಲ್ಲು ಉರುಳುತ್ತಿದೆ ಎಂದರೆ ಬೆಳಗ್ಗೆ ತಪೋವನದ ಏರು ಹತ್ತುವ ಮಾತೇ ಇಲ್ಲ.

ಮೂವತ್ತು ವರ್ಷ ನಾನು ಮಾಡಿದ್ದೂ ಇದೇ ಕೆಲಸ. ರೈತ ಬಂದು ಮೋಟಾರ್ ಚೆನ್ನಾಗಿಯೇ ತಿರುಗುತ್ತಿದೆ ಎನ್ನುತ್ತಾನೆ. ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಬಾಡಿಗೆ ಒತ್ತಿ ಕೇಳಿ, ಬೇರಿಂಗ್ ಹೋಗಿದೆ, ಓಡಿಸಬೇಡ ಎನ್ನುತ್ತೇನೆ. ಕೇಳದೆ ಓಡಿಸಿದವನು ವಾರದಲ್ಲಿ ಸುಟ್ಟ ವಾಸನೆಯ ಮೋಟಾರನ್ನು ಹೊತ್ತು ಬರುತ್ತಾನೆ. ಹಾಗಾಗಿ ಆ ಮನುಷ್ಯ ತಲೆ ಬಗ್ಗಿಸಿ ಕುಳಿತ ಭಂಗಿ ನೋಡಿದಾಗಲೇ ನನ್ನ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು.

ಭಾವಮೈದುನನಿಗೆ ಆಗಿರಲಿಲ್ಲ. ಬೆಳಗ್ಗೆ ಮಳೆಯ ಜೊತೆ ಹಿಮದ ಚೂರುಗಳೂ ಬೀಳುತ್ತಿದ್ದವು. “ಭಾವ, ಪೂರ್ತಿ ಹಣ ಕಟ್ಟಿದ್ದೇವೆ, ಮಧ್ಯಾಹ್ನ ಬಿಡುವು ಕೊಡುತ್ತದೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದೆ, ನೀವಾದರೂ ಅವನಿಗೆ ಹೇಳಿ” ಎಂದ. ಹಣದ ಮಾತು ಸುಳ್ಳಲ್ಲ. ಹವಾಮಾನದಿಂದ ನಡಿಗೆ ಮೊಟಕಾದರೆ ಹಣ ವಾಪಸಿಲ್ಲ ಎಂದು ನಮ್ಮನ್ನು ಕಳಿಸಿದ ಸಂಸ್ಥೆಯ ಕಾಗದದ ಕೊನೆಯ ಸಾಲಿನಲ್ಲಿತ್ತು. ಓದಿ ಸಹಿ ಹಾಕಿದವನು ಅವನೇ. ಗೈಡ್ ವಾದಿಸಲಿಲ್ಲ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಸರೋವರ ಒಡೆದದ್ದನ್ನು ಒಂದೇ ಮಾತಿನಲ್ಲಿ ನೆನಪಿಸಿ ಚಹಾ ತರಲು ಎದ್ದುಹೋದ.

ಆ ದಿನ ಪೂರ್ತಿ ಕುಳಿತದ್ದೇ. ದಾವಣಗೆರೆಯಿಂದ ತಂದ ನರ್ಗೀಸ್ ಮಂಡಕ್ಕಿ ಥಂಡಿ ಹಿಡಿದು ಒದ್ದೆ ಹತ್ತಿಯಂತಾಗಿತ್ತು. ಆದರೂ ತಿಂದು ಮುಗಿಸಿದೆವು. ಅದನ್ನು ಸುತ್ತಿದ್ದ ಕನ್ನಡ ಪತ್ರಿಕೆಯ ಹಾಳೆಗಳನ್ನು ಮೊದಲು ಓದಿದೆವು, ಚಳ್ಳಕೆರೆ ಮಾರುಕಟ್ಟೆಯ ಶೇಂಗಾ ಧಾರಣೆಯನ್ನೂ ಬಿಡದೆ. ಆಮೇಲೆ ಉಂಡೆ ಮಾಡಿ ನೆಂದ ಶೂಗಳೊಳಗೆ ತುರುಕಿದೆವು. ಎರಡು ಗಂಟೆಗೊಮ್ಮೆ ಹಾಳೆ ಬದಲಿಸಿದರೆ ಶೂ ರಾತ್ರಿಯೊಳಗೆ ಹಾಕಿಕೊಳ್ಳುವ ಹದಕ್ಕೆ ಬರುತ್ತದೆ. ಬೆಂಕಿಯ ಬಳಿ ಇಟ್ಟ ಒಬ್ಬರ ಶೂವಿನ ಅಟ್ಟೆ ಬಿಟ್ಟುಕೊಂಡಿತು. ಬಟ್ಟೆಯ ವಿಷಯದಲ್ಲಿ ಹೆಂಡತಿಯ ಪ್ಲಾಸ್ಟಿಕ್ ಕವರುಗಳೇ ನಮ್ಮನ್ನು ಕಾದವು: ಚೀಲದ ಮೇಲಿನ ಮಳೆಹೊದಿಕೆ ಎರಡು ಗಂಟೆಯಲ್ಲಿ ಸೋತಿತ್ತು, ಒಳಗೆ ಕವರಿನಲ್ಲಿದ್ದ ಕಾಲುಚೀಲ ಮಾತ್ರ ಬೆಚ್ಚಗಿದ್ದವು.

ಮರುದಿನ ಒಂಬತ್ತಕ್ಕೆ ಮಳೆ ನಿಂತಿತು. ತಪೋವನ ಇಲ್ಲ, ಗೋಮುಖದವರೆಗಿನ ನಾಲ್ಕು ಕಿಲೋಮೀಟರ್ ಮಾತ್ರ, ಅದೂ ತಾನು ನಿಲ್ಲು ಎಂದಲ್ಲಿ ನಿಲ್ಲಬೇಕು ಎಂಬ ಕರಾರಿನ ಮೇಲೆ ಕರೆದುಕೊಂಡು ಹೊರಟ. ಹಿಮನದಿ ಎಂದರೆ ಹಾಲು ಚೆಲ್ಲಿದ ಹಾಗೆ ಇರುತ್ತದೆ ಎಂದುಕೊಂಡಿದ್ದೆ. ಮೂವತ್ತು ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಬಾಯಿ ನೋಡಲು ನಮ್ಮೂರಿನ ಕಲ್ಲು ಕ್ರಷರಿನ ಅಂಗಳದ ಹಾಗಿದೆ: ಬೂದು ಜಲ್ಲಿ, ಪುಡಿ, ಮನೆಗಾತ್ರದ ಬಂಡೆಗಳು. ಹಿಮ ಇರುವುದು ಅದರಡಿಯಲ್ಲಿ. ಬಾಯಿಯ ಹತ್ತಿರ ಮಾತ್ರ ಕತ್ತರಿಸಿದಂಥ ಗೋಡೆ, ಕೆಳಗೆ ನೀಲಿ, ಮೇಲೆ ಕೊಳೆ. ಆ ಗೋಡೆಯ ಬುಡದಿಂದ ಭಾಗೀರಥಿ ಸಿಮೆಂಟಿನ ಬಣ್ಣದಲ್ಲಿ ನುಗ್ಗಿ ಬರುತ್ತಾಳೆ. ಎಂಟುನೂರು ಅಡಿ ಕೊರೆಸಿ ಎರಡು ಇಂಚು ನೀರು ಬಂದರೆ ತೆಂಗಿನಕಾಯಿ ಒಡೆಯುವ ಸೀಮೆಯವನು ನಾನು. ಇಷ್ಟು ನೀರೆತ್ತಲು ಎಷ್ಟು ಎಚ್‌ಪಿ ಬೇಕಾದೀತು ಎಂದು ಲೆಕ್ಕ ಹಾಕಲು ಹೋಗಿ, ಕೈಬಿಟ್ಟು, ಶೂ ಬಿಚ್ಚಿ ನಮಸ್ಕಾರ ಮಾಡಿದೆ.

ಹತ್ತು ನಿಮಿಷವೂ ಆಗಿರಲಿಲ್ಲ. ಗೋಡೆಯ ನೆತ್ತಿಯಿಂದ ಟ್ರಂಕಿನ ಗಾತ್ರದ ಕಲ್ಲೊಂದು ಜಾರಿ ನೀರಿಗೆ ಬಿತ್ತು. ಸದ್ದು ನಮಗೆ ತುಸು ತಡವಾಗಿ ಬಂತು. ಗೈಡ್ ಮೋಡ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ, ಚೀಲ ಹೆಗಲಿಗೇರಿಸಿದ. ಈ ಸಲ ಭಾವಮೈದುನ ನನಗಿಂತ ಮುಂದೆ ನಡೆದ. ಭೋಜ್‌ಬಾಸಾ ತಲುಪುವ ಹೊತ್ತಿಗೆ ಆಲಿಕಲ್ಲು.

ಇಳಿಯುವ ದಿನ ಐದಕ್ಕೇ ಎಬ್ಬಿಸಿದ. ಚೀಡ್‌ಬಾಸಾಕ್ಕೆ ಮುಂಚಿನ ಸಡಿಲ ಇಳಿಜಾರಿನಲ್ಲಿ ಒಬ್ಬೊಬ್ಬರನ್ನೇ ದಾಟಿಸಿದ. ಅವನು ಮೇಲೆ ನೋಡುತ್ತ ನಿಲ್ಲುತ್ತಾನೆ, ಸಿಳ್ಳೆ ಹಾಕಿದರೆ ಹೊರಡಬೇಕು, ನಡುವೆ ನಿಲ್ಲುವಂತಿಲ್ಲ, ಫೋಟೊ ಇಲ್ಲ. ನೂರು ಹೆಜ್ಜೆ ಇದ್ದೀತು. ಜೋಗಿಮಟ್ಟಿಯ ಮೂರು ತಿಂಗಳು ಆ ನೂರು ಹೆಜ್ಜೆಗೆ ಒದಗಿತು.

ಗಂಗೋತ್ರಿಯಿಂದ ಕೆಳಗೆ ರಸ್ತೆ ಕುಸಿದು ಧರಾಲಿಯಲ್ಲಿ ಇನ್ನೊಂದು ರಾತ್ರಿ ಉಳಿದೆವು. ರೈಲು ತಪ್ಪಿತು, ತತ್ಕಾಲ್ ಟಿಕೆಟಿಗೆ ದಂಡ ತೆತ್ತೆವು. ಊಟ ರಾಜ್ಮಾ ಅನ್ನ. ಹೋಟೆಲಿನ ಅಜ್ಜಿ ಹಿತ್ತಲಿನ ಸೇಬು ಕೊಟ್ಟು ಕಾಸು ಬೇಡವೆಂದರು. ಈಗ ಯಾರಾದರೂ ಕೇಳಿದರೆ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ, ಇಲ್ಲದಿದ್ದರೆ ಹೋಗಬೇಡಿ ಎನ್ನುತ್ತೇನೆ.

2025ರ ಆಗಸ್ಟ್ 5ರಂದು ಅದೇ ಧರಾಲಿಯ ಮೇಲೆ ಖೀರ್ ಗಂಗಾ ಹಳ್ಳ ಕೆಸರು ಬಂಡೆ ಹೊತ್ತು ಇಳಿದದ್ದನ್ನು ಅಂಗಡಿಯಲ್ಲಿ ಮೊಬೈಲಿನಲ್ಲಿ ನೋಡಿದೆ. ನಾವು ಉಳಿದಿದ್ದ ಹೋಟೆಲ್ ಯಾವ ಸಾಲಿನಲ್ಲಿತ್ತೆಂದು ಗುರುತಿಸಲು ಆಗಲಿಲ್ಲ. ಗೈಡ್‌ಗೆ ನಾಲ್ಕು ದಿನ ಫೋನ್ ಹಚ್ಚಿದೆ, ಹತ್ತಲಿಲ್ಲ. ಐದನೆಯ ದಿನ ಅವನೇ ಮಾಡಿದ. ಅವನ ಊರು ಬೇರೆ ಕಣಿವೆಯಲ್ಲಿ, ಮನೆಯವರೆಲ್ಲ ಕ್ಷೇಮ. ಅಜ್ಜಿಯ ಬಗ್ಗೆ ಅವನಿಗೂ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು, ನಿಮ್ಮ ಕಡೆ ಮಳೆ ಹೇಗಿದೆ ಸಾಬ್ ಎಂದು ಕೇಳಿದ.

ಶೇಂಗಾಕ್ಕೆ ಇನ್ನೊಂದು ಹದ ಮಳೆ ಬೇಕು ಎನ್ನಲು ನಾಲಿಗೆ ಏಳಲಿಲ್ಲ. ಪರವಾಗಿಲ್ಲ ಎಂದೆ.