ಡ್ರೋನ್‌ಗೆ ತೂಕ ಏರಿಸಿ ಜೆಲ್ಲೊ ಇಳಿಸಿದ್ದು: ನನ್ನ ಅನುಭವ

ವಿಡಿಯೊದ ಜೆಲ್ಲೊ (ಕಂಪನದಿಂದ ಚಿತ್ರ ಅಲೆಅಲೆಯಾಗಿ ಬಳುಕುವುದು) ಇಳಿಸಲು ಹಾರುವ ಯಂತ್ರಕ್ಕೆ ಬೇಕೆಂದೇ ತೂಕ ಹೊರಿಸುತ್ತೇನೆ ಅಂದಾಗ ನಮ್ಮ ಶಿರಸಿ ಕಡೆಯ ಡ್ರೋನ್ ಗೆಳೆಯರು ಯಾರೂ ಒಪ್ಪಲಿಲ್ಲ. ಮೋಟಾರು ಸುಡುತ್ತದೆ, ಹಾರಾಟದ ಹೊತ್ತು ಅರ್ಧಕ್ಕಿಳಿಯುತ್ತದೆ ಅಂದರು. ಈಗ ಅವರಲ್ಲೇ ಒಂದಿಬ್ಬರು ತಮ್ಮ ಫ್ರೇಮನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ.

ನನ್ನದು ಎಫ್450 ಫ್ರೇಮ್, 2212 ಮೋಟಾರು, 10 ಇಂಚಿನ ಪ್ರಾಪ್ (ರೆಕ್ಕೆ), 3ಎಸ್ ಅಂದರೆ ಮೂರು ಸೆಲ್‌ನ ಬ್ಯಾಟರಿ. ಕೆಳಗೆ ಕಂಪನ ತಡೆಯುವ ನಾಲ್ಕು ರಬ್ಬರ್ ಗುಂಡುಗಳಿಗೆ ತೂಗುಬಿದ್ದ ಪ್ಲೇಟು, ಅದರಲ್ಲಿ ಗೋಪ್ರೊ ಕ್ಯಾಮೆರಾ. ಕ್ಯಾಮೆರಾವನ್ನು ಸಮವಾಗಿ ಹಿಡಿದಿಡುವ ಗಿಂಬಲ್ ಇಲ್ಲ. ಬಯಲು, ಕೆರೆ ತೆಗೆಯುವವರು ಜೆಲ್ಲೊ ಮುಚ್ಚಿಡಬಹುದು. ಅಡಿಕೆ ತೋಟ ತೆಗೆಯುವವನಿಗೆ ಆ ಭಾಗ್ಯವಿಲ್ಲ. ನೆಟ್ಟಗೆ ನಿಂತ ಮರಗಳ ಸಾಲು ಪರದೆಯ ಮೇಲೆ ಹಾವಿನ ಹಾಗೆ ಬಳುಕಿದರೆ ತೋಟದ ಯಜಮಾನರಿಗೇ ಗೊತ್ತಾಗುತ್ತದೆ. ಹೋಮ್‌ಸ್ಟೇ ಒಂದರ ಕೆಲಸ ಹೀಗೇ ವಾಪಸ್ ಬಂತು. ಎಂಟೊಂಬತ್ತು ಸಾವಿರ ಕೈಬಿಟ್ಟಿತು.

ಆಮೇಲೆ ಸುರಿದ ದುಡ್ಡು ಬೇರೆ. ಮೆತ್ತನೆಯ ಗುಂಡು ಹಾಕಿದೆ, ಬ್ರೇಕ್ ಹಿಡಿದಾಗಲೆಲ್ಲ ಪ್ಲೇಟು ಓಲಾಡಿತು. ಕಿವಿಗೆ ಹಾಕುವ ಫೋಮ್ ಮಧ್ಯಾಹ್ನ ಚೆನ್ನಾಗಿತ್ತು, ಡಿಸೆಂಬರ್ ಬೆಳಗಿನ ಚಳಿಗೆ ಗಟ್ಟಿಯಾಗಿ ಕೂತಿತು. ಬೆಳಕು ತಗ್ಗಿಸುವ ಎನ್‌ಡಿ16 ಫಿಲ್ಟರ್‌ನಿಂದ ಅಲೆ ಮಸುಕಾಯಿತೇ ಹೊರತು ಹೋಗಲಿಲ್ಲ. ಕಾಂಡದ ಅಂಚೇ ಕದಡಿತು. ವಿಡಿಯೊ ಸ್ಥಿರಗೊಳಿಸುವ ಜೈರೊಫ್ಲೋ ಸಾಫ್ಟ್‌ವೇರ್‌ನಲ್ಲಿ ಗಾಳಿಯ ಓಲಾಟ ನುಣ್ಣಗಾಯಿತು, ಬಳುಕು ಹಾಗೇ ಉಳಿಯಿತು. ಎಲ್ಲ ಸೇರಿ ಆರೇಳು ಸಾವಿರ ನೀರಿಗೆ ಹೋಯಿತು.

ಸುಧಾರಣೆ ಶುರುವಾದದ್ದು ಮೋಟಾರಿನಿಂದ. ಪ್ರಾಪ್ ಬಿಚ್ಚಿ, ತೋಳಿನ ತುದಿಗೆ ಉಗುರಿನಷ್ಟು ಕನ್ನಡಿ ಚೂರು ಅಂಟಿಸಿದೆ. ಲೇಸರ್ ಪಾಯಿಂಟರನ್ನು ಆ ಕನ್ನಡಿಗೆ ಗುರಿಯಿಟ್ಟು ಬೇರೆ ಕಡೆ ಕಟ್ಟಿ, ಚುಕ್ಕೆ ಮೂರ್ನಾಲ್ಕು ಮೀಟರ್ ಆಚೆಯ ಗೋಡೆಗೆ ಬೀಳುವ ಹಾಗೆ ಮಾಡಿದೆ. ಥ್ರಾಟಲ್ ಕೊಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಗೆರೆ ಉದ್ದವಾದಷ್ಟೂ ಕಂಪನ ಹೆಚ್ಚು. ಮೋಟಾರಿನ ಬೆಲ್‌ಗೆ, ಅಂದರೆ ತಿರುಗುವ ಹೊರಕವಚಕ್ಕೆ, ಸಣ್ಣ ಕೇಬಲ್ ಟೈ ಬಿಗಿದು, ಅದರ ಗಂಟನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಗೆರೆ ಎಲ್ಲಿ ಕುಗ್ಗುತ್ತದೆ ನೋಡಬೇಕು. ನನ್ನ ಒಂದು ಮೋಟಾರಿನದು ಎರಡು ಇಂಚಿನ ಗೆರೆ, ಕಾಲಿಂಚಿಗೆ ಇಳಿಯಿತು. ಇನ್ನೊಂದು ಯಾವುದಕ್ಕೂ ಬಗ್ಗಲಿಲ್ಲ. ಬಿಚ್ಚಿ ನೋಡಿದರೆ ಬೇರಿಂಗ್ ಹೋಗಿತ್ತು. ಐವತ್ತು ಅರವತ್ತು ರೂಪಾಯಿಯ ಬೇರಿಂಗು, ಮೋಟಾರೇ ಎಸೆಯಬೇಕಿಲ್ಲ.

ಪ್ರಾಪನ್ನು ಎಲ್ಲರೂ ಅಡ್ಡ ಹಿಡಿದು ಬ್ಯಾಲೆನ್ಸ್ ಮಾಡಿ ಮುಗಿಸುತ್ತಾರೆ. ನೆಟ್ಟಗೆ ನಿಲ್ಲಿಸಿ ನೋಡಿ. ಒಂದೇ ಕಡೆ ವಾಲಿದರೆ ತೂಕದ ದೋಷ ನಡುವಿನ ಹಬ್‌ನಲ್ಲಿದೆ. ಹಗುರದ ಬದಿಗೆ ಒಂದು ಹನಿ ಗ್ಲೂ ಸಾಕು. ಅಲಗಿಗೆ ಟೇಪ್ ಬೇಡ, ನಮ್ಮ ಮಳೆಗೆ ನಿಲ್ಲುವುದಿಲ್ಲ. ಭಾರದ ಅಲಗನ್ನೇ ಉಜ್ಜಿ.

ಇಷ್ಟಾದ ಮೇಲೆ ಪಿಕ್ಸ್‌ಹಾಕ್ (ಹಾರಾಟ ನಿಯಂತ್ರಿಸುವ ಬೋರ್ಡು) ಲಾಗ್‌ನಲ್ಲಿ ವೈಬ್, ಅಂದರೆ ಕಂಪನದ ಅಂಕಿ, 25ರ ಹತ್ತಿರ ಇದ್ದದ್ದು ಹತ್ತರೊಳಗೆ ಬಂತು. 30 ದಾಟದಿದ್ದರೆ ಸಾಕು ಅಂತಾರೆ. ಅದು ಹಾರಾಟಕ್ಕೆ ಸಾಕು, ಕ್ಯಾಮೆರಾಗೆ ಸಾಲದು. ಮರಗಳು ಇನ್ನೂ ಬಳುಕುತ್ತಲೇ ಇದ್ದವು.

ತೂಕದ ವಿಚಾರ ಹೊಳೆದದ್ದು ಅಡ್ಡದಾರಿಯಲ್ಲಿ. ಕಂಪನ ಅಳೆಯುವ ಆ್ಯಪ್ ಹಾಕಿ, ಹಳೇ ಫೋನನ್ನು ಗೋಪ್ರೊ ಪಕ್ಕಕ್ಕೇ ಪ್ಲೇಟಿಗೆ ಬಿಗಿದು ಹಾರಿಸಿದೆ. ಆ್ಯಪಿನ ಗೆರೆಗಿಂತ ಗೋಪ್ರೊ ವಿಡಿಯೊ ನೋಡಿ ಬೆರಗಾದೆ: ಕಾಂಡಗಳೆಲ್ಲ ನೆಟ್ಟಗೆ! ಫೋನ್ ತೆಗೆದೆ, ಜೆಲ್ಲೊ ವಾಪಸ್. ಮತ್ತೆ ಕಟ್ಟಿದೆ, ಮಾಯ. ಕೆಲಸ ಮಾಡಿದ್ದು ಫೋನಿನ ಭಾರ.

ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ 5 ಗ್ರಾಂ, 10 ಗ್ರಾಂ ತುಂಡುಗಳು ಸಿಗುತ್ತವೆ. ಪ್ಲೇಟಿನ ನಡುವೆ 90 ಗ್ರಾಂ ತನಕ ಹಾಕಿದೆ. ಗುಂಡುಗಳು ಜೋತುಬಿದ್ದವು, ಫಲ ಅಷ್ಟಕ್ಕಷ್ಟೆ. ಅದನ್ನೇ ನಾಲ್ಕು ಮೂಲೆಗೆ ಹಂಚಿದಾಗ 60ರ ಸುಮಾರಿಗೇ ಚಿತ್ರ ನಿಂತಿತು. ಚಿತ್ರ ಕೆಡಿಸುವುದು ಪ್ಲೇಟಿನ ಮೇಲೆ-ಕೆಳಗಿನ ಆಟಕ್ಕಿಂತ ಅದರ ತಿರುಚಾಟ. ತೂಕ ದೂರ ಇದ್ದಷ್ಟೂ ಅದಕ್ಕೆ ತಡೆ. ಹಾರಾಟದ ಹೊತ್ತು ಹನ್ನೆರಡು ನಿಮಿಷ ಇದ್ದದ್ದು ಹನ್ನೊಂದಾಗಿದೆ, ಅಷ್ಟೇ. ಖರ್ಚು ಬೇರಿಂಗ್ ಸೇರಿ ನಾನೂರು ದಾಟಿಲ್ಲ.

ಕ್ಯಾಮೆರಾಗೆ ಹೋಗುವ ವೈರು ಗಡುಸಾಗಿದ್ದರೆ ಇಷ್ಟೂ ವ್ಯರ್ಥ. ಕಂಪನ ರಬ್ಬರ್ ಬಿಟ್ಟು ವೈರಿನ ಮೇಲೆ ದಾಟುತ್ತದೆ. ತೆಳು ಸಿಲಿಕಾನ್ ವೈರನ್ನು ಸಡಿಲ ಸುರುಳಿ ಬಿಡಿ. ಪ್ಲೇಟು ಬಿದ್ದೀತೆಂದು ಕಟ್ಟುವ ನೈಲಾನ್ ದಾರವೂ ಸಡಿಲವಿರಲಿ. ಇನ್ನೊಂದು: ನನ್ನ ಮುಂದಿನ ಗುಂಡು, ಹಿಂದಿನ ಗುಂಡು ಒಂದೇ ಗಡಸಿನವಲ್ಲ. ಯಾವುದು ಎಲ್ಲಿ ಅನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲಾರೆ.

ಈಗ 7 ಇಂಚಿನ ಫ್ರೇಮಿನ ಮೇಲೆ ಇದೇ ಪ್ರಯೋಗ ನಡೆದಿದೆ. ಅಲ್ಲಿ ಮೋಟಾರು ಇನ್ನೂ ಜೋರಾಗಿ ತಿರುಗುವುದರಿಂದ 20 ಗ್ರಾಮಿಗೇ ಫಲ ಕಾಣುತ್ತಿದೆ.