ನಾಯಿಯ ಹೊಟ್ಟೆ ಕೆಟ್ಟರೆ ಕಷಾಯಕ್ಕಿಂತ ಸಿಹಿಕುಂಬಳ ಮೇಲು

ನಾಯಿಗೆ ಭೇದಿ ಶುರುವಾದರೆ ಯಾರಾದರೂ ಬೆಳ್ಳುಳ್ಳಿ ಕಷಾಯ ಹಾಕಿ ಎನ್ನುತ್ತಾರೆ. ದಯವಿಟ್ಟು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಲೋಳೆಸರವೂ ಬೇಡ, ಸಿಪ್ಪೆಯಡಿಯ ಹಳದಿ ರಸ ಭೇದಿಯನ್ನೇ ಹೆಚ್ಚಿಸುತ್ತದೆ.

ನನಗೆ ನಂಬಿಕೆ ಇರುವುದು ಸಿಹಿಕುಂಬಳಕಾಯಿಯ ಮೇಲೆ. ಸಿಪ್ಪೆ, ಬೀಜ ತೆಗೆದು, ಉಪ್ಪು ಒಗ್ಗರಣೆ ಏನೂ ಇಲ್ಲದೆ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಿ. ಮೆತ್ತಗಿನ ಅನ್ನಕ್ಕೆ ಒಂದೆರಡು ಚಮಚ ಕಲಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಅದರ ನಾರು ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿ ಮಾಡುತ್ತದೆ. ವಾಕರಿಕೆ ಇದ್ದರೆ ಚಿಟಿಕೆಯಷ್ಟು ತುರಿದ ಹಸಿಶುಂಠಿ ಸಾಕು. ಗರ್ಭಿಣಿ ನಾಯಿಗೆ, ಬೇರೆ ಔಷಧಿ ನಡೆಯುತ್ತಿರುವ ನಾಯಿಗೆ ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ‘ಗಿಡಮೂಲಿಕೆಯದು, ಏನೂ ಆಗುವುದಿಲ್ಲ’ ಎಂದು ಮನುಷ್ಯರ ಸಿರಪ್ ಕುಡಿಸುವವರಿಗೆ ಒಂದು ಮಾತು: ಸಕ್ಕರೆರಹಿತ ಸಿರಪ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇರಬಹುದು, ನಾಯಿಗೆ ಅದು ವಿಷ.

ನಡುನಡುವೆ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಸುಮಾರು 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೀರೂ ನಿಲ್ಲದೆ ವಾಂತಿಯಾದರೆ ನೇರ ಪಶು ಆಸ್ಪತ್ರೆಗೆ ಹೋಗಿ. ಲಸಿಕೆಯಾಗದ ಮರಿಯಾದರೆ ಮನೆಮದ್ದಿನ ಯೋಚನೆಯನ್ನೇ ಬಿಡಿ. ಪಾರ್ವೊ ಎಂಬ ಮಾರಕ ವೈರಸ್ ಸೋಂಕು ಆಗಿದ್ದರೆ ಒಂದು ರಾತ್ರಿ ಕಾದರೂ ತಡವಾಗಬಹುದು.