ಬೇಟೆಗಾರ ದುಂಡುಹುಳುಗಳನ್ನು ನಾನು ಹುಡುಕಿ ನೋಡಿದ್ದು ಹೀಗೆ

ಟೊಮೇಟೊ ಬೇರಿನಲ್ಲಿ ಗಂಟು ಮಾಡುವ ದುಂಡುಹುಳು (ನೆಮಟೋಡ್) ರೈತರಿಗೆಲ್ಲ ಗೊತ್ತು. ಅದನ್ನು ಹಿಡಿದು ತಿನ್ನುವ ದುಂಡುಹುಳುಗಳೂ ಮಣ್ಣಿನಲ್ಲೇ ಇವೆ. ನಾನು ಹುಡುಕಿದ್ದು ಅವುಗಳಲ್ಲಿ ಮೊನಾಂಕಸ್ ಗುಂಪಿನವನ್ನು. ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದ. ಗಂಟುಬೇರಿನ ಮರಿಹುಳು ಅರ್ಧ ಮಿಲಿಮೀಟರೂ ಇರಲ್ಲ.

ಮಣ್ಣನ್ನು ಉತ್ತ ಹೊಲದಿಂದ ತರಲಿಲ್ಲ. ಬದುವಿನ ಮೇಲಿನ ಹೊಂಗೆ ಮರದ ಬುಡದಲ್ಲಿ ಅಗೆದೆ. ಈ ಹುಳುಗಳು ಮಣ್ಣಿನ ಕಣಗಳ ಸುತ್ತ ಇರುವ ನೀರಿನ ಪದರದಲ್ಲೇ ಓಡಾಡಬೇಕು. ಮೈ ದಪ್ಪ, ಹಾಗಾಗಿ ದೊಡ್ಡ ಸಂದು ಬೇಕು. ಟ್ರ್ಯಾಕ್ಟರ್ ತುಳಿದು ಮಣ್ಣು ಗಟ್ಟಿಯಾದರೆ ಮುಗೀತು. 1990ರಲ್ಲಿ ಬೊಂಗರ್ಸ್ ಎಂಬ ವಿಜ್ಞಾನಿ ದುಂಡುಹುಳುಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟರು. ಅಂಕ ಜಾಸ್ತಿ ಇದ್ದಷ್ಟೂ ಹುಳು ನಾಜೂಕು, ಸಂತಾನ ನಿಧಾನ. ಮೊನಾಂಕಸ್ ಗುಂಪಿಗೆ ಸಿಕ್ಕಿದ್ದು 4.

ಮಳೆ ಬಿದ್ದ ಮೇಲೆ, ಮೇಲಿನ ಒಣ ಪದರ ಸರಿಸಿ, ಒಂದು ಗೇಣು ಆಳದವರೆಗಿನ ಮಣ್ಣು ತೆಗೆದುಕೊಂಡೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನೆರಳಲ್ಲಿಟ್ಟೆ. ಬಿಸಿಲಿಗೆ ಬಿಟ್ಟರೆ ಒಳಗಿನದೆಲ್ಲ ಬೆಂದುಹೋಗುತ್ತದೆ.

ಆಮೇಲೆ ಬಕೆಟ್ ನೀರಿಗೆ ಮಣ್ಣು ಹಾಕಿ ಮೆತ್ತಗೆ ಕಲಕಿದೆ. ಮರಳು ತಳ ಸೇರುವಷ್ಟು ಹೊತ್ತು ಕಾದು, ಮೇಲಿನ ನೀರನ್ನು ಮೊದಲು 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಗೆ, ಅದರಿಂದ ಇಳಿದದ್ದನ್ನು 325 ಮೆಶ್ ಜರಡಿಗೆ ಸುರಿದೆ. ಎರಡನೆಯದರಲ್ಲಿ ನಿಂತ ಕೆಸರಲ್ಲೇ ಹುಳುಗಳಿರುತ್ತವೆ. ಅದನ್ನು ಟಿಶ್ಯೂ ಪೇಪರ್ ಮೇಲೆ ಹರಡಿ, ತಳ ಮಾತ್ರ ನೀರಿಗೆ ತಾಗುವ ಹಾಗೆ ರಾತ್ರಿಯಿಡೀ ಇಡಬಹುದು. ಚುರುಕಾದವು ಕಾಗದ ದಾಟಿ ಕೆಳಗಿಳಿಯುತ್ತವೆ. ದಪ್ಪನೆಯ ಬೇಟೆಗಾರರು ಎಷ್ಟೋ ಸಲ ಮೇಲೇ ಉಳಿಯುತ್ತವೆ. ಅದಕ್ಕೇ ಕೆಸರನ್ನೂ ಸ್ವಲ್ಪ ಸ್ವಲ್ಪವಾಗಿ ಗಾಜಿನ ತಟ್ಟೆಗೆ ಹಾಕಿ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಸಿಗೋದು ಅಲ್ಲೇ.

ಮೈಕ್ರೋಸ್ಕೋಪ್ ಕೆಳಗೆ ಗುರುತು ಹಿಡಿಯುವುದು ಕಷ್ಟವಲ್ಲ. ಬಾಯನ್ನು ನೋಡಿದರೆ ಸಾಕು. ಬೇರು ಚುಚ್ಚುವ ಹುಳುವಿಗೆ ಬಾಯಲ್ಲಿ ಸೂಜಿ. ಮೊನಾಂಕಸ್‌ಗೆ ಪೀಪಾಯಿ ಆಕಾರದ ಗಟ್ಟಿ ಗೋಡೆಯ ಬಾಯಿ, ಬೆನ್ನಿನ ಕಡೆಯ ಗೋಡೆಯಲ್ಲಿ ಒಂದು ದೊಡ್ಡ ಹಲ್ಲು. ಹತ್ತಿರದ ಬಂಧು ಮೈಲಾಂಕ್ಯುಲಸ್‌ಗೆ ಆ ಹಲ್ಲಿನ ಎದುರಿಗೆ ಅರದಂತೆ ಸಾಲು ಸಾಲು ಪುಟ್ಟ ಹಲ್ಲುಗಳು. ಬಾಯಿಯ ಹಿಂದೆ ಉದ್ದಕ್ಕೂ ದಪ್ಪ ಸ್ನಾಯುವಿನ ಗಂಟಲು. ಎಳೆದುಕೊಳ್ಳುವ ಶಕ್ತಿಯೆಲ್ಲ ಅಲ್ಲಿದೆ.

ಬೇಟೆ ನೋಡಲು, ಗಂಟು ಬೇರುಗಳಿಂದ ಮೊಟ್ಟೆಯ ಮುದ್ದೆಗಳನ್ನು ಬಿಡಿಸಿ ನೀರಲ್ಲಿಟ್ಟು ಮರಿ ಮಾಡಿಸಿದೆ. ತೆಳುವಾಗಿ ಹುಯ್ದ ಅಗಾರ್ (ಕಡಲ ಪಾಚಿಯಿಂದ ಮಾಡುವ ಜೆಲ್ಲಿ) ಮೇಲೆ ಅವುಗಳ ಜೊತೆ ಒಂದು ಮೊನಾಂಕಸ್ ಬಿಟ್ಟೆ. ಅದು ಬೆನ್ನಟ್ಟುವುದಿಲ್ಲ. ತಲೆ ಆಡಿಸುತ್ತಾ ಸುಮ್ನೆ ಅಲೆಯುತ್ತದೆ. ತುಟಿಗೆ ಮರಿ ತಾಗಿದ ತಕ್ಷಣ ಕಚ್ಚಿ ಎಳೆದುಕೊಳ್ಳುತ್ತದೆ. ಮೈ ಪಾರದರ್ಶಕವಾದ್ದರಿಂದ ಕರುಳಿನಲ್ಲಿ ಮರಿ ಕಾಣುತ್ತದೆ. ದೊಡ್ಡ ಹುಳುವಾದರೆ ಸೀಳಿ ಒಳಗಿನದನ್ನು ಹೀರುತ್ತದೆ.

ಇದನ್ನು ನೋಡಿದವರು ‘ಬಾಟಲಿಯಲ್ಲಿ ಮಾರಬಹುದಲ್ವಾ?’ ಎಂದು ಕೇಳುತ್ತಾರೆ. ಆಸೆ ಹಳೆಯದು. ಅಮೆರಿಕದ ವಿಜ್ಞಾನಿ ಕಾಬ್ 1917ರಲ್ಲೇ ಈ ಹುಳುಗಳ ಬಗ್ಗೆ ವಿವರವಾಗಿ ಬರೆದು, ಬೆಳೆ ಕಾಯಲು ಬಳಸಬಹುದು ಎಂದಿದ್ದರು. 1922ರಲ್ಲಿ ಸ್ಟೈನರ್ ಮತ್ತು ಹೈನ್ಲಿ ಎಂಬ ವಿಜ್ಞಾನಿಗಳು, ಒಂದೇ ಹುಳು ಒಂದು ದಿನದಲ್ಲಿ 83 ಮರಿಗಳನ್ನು ಕೊಂದದ್ದನ್ನು ದಾಖಲಿಸಿದರು. ಆದರೂ ನನಗೆ ನಂಬಿಕೆಯಿಲ್ಲ. ಗಂಟುಬೇರಿನ ಹೆಣ್ಣು ಬೇರಿನೊಳಗೆ ಕೂತಿರುತ್ತದೆ, ಬೇಟೆಗಾರ ಅಲ್ಲಿಗೆ ಹೋಗಲಾರ. ಮಣ್ಣಿನಲ್ಲಿ ಈ ಬೇಟೆಗಾರರು ನಮಗೆ ಬೇಕಾದ ಹುಳುವನ್ನೂ ಬಿಡುವುದಿಲ್ಲ, ತಮ್ಮವರನ್ನೂ ಬಿಡುವುದಿಲ್ಲ. ಸಾಕುವುದೂ ಕಷ್ಟ. ನಾನು ಬದುವನ್ನು ಉಳುಮೆ ಮಾಡದೆ, ಕಳೆನಾಶಕ ಹೊಡೆಯದೆ ಬಿಟ್ಟಿದ್ದೇನೆ, ಅಷ್ಟೇ.

ಸಾಕಿ ನೋಡುವ ಆಸೆಯಿದ್ದರೆ ಡಿಪ್ಲೊಗ್ಯಾಸ್ಟರ್ ಎಂಬ ಇನ್ನೊಂದು ಬೇಟೆಗಾರ ದುಂಡುಹುಳುಗಳ ಗುಂಪಿನಿಂದ ಶುರು ಮಾಡಿ. ಕೊಳೆತ ಗೊಬ್ಬರದಲ್ಲಿ ಸಿಗುತ್ತವೆ. ಬೇಟೆ ಇಲ್ಲದಾಗ ಬ್ಯಾಕ್ಟೀರಿಯಾ ತಿಂದು ಬದುಕುತ್ತವೆ, ಅಗಾರ್ ತಟ್ಟೆಯಲ್ಲಿ ಬೇಗ ಹೆಚ್ಚುತ್ತವೆ.